ಹೆಬ್ಬೆರಳ ಬುಡದ ಗಂಟು: ಬೂಟು ಬದಲಿಸುವುದೋ, ಮೂಳೆ ಸರಿಪಡಿಸುವುದೋ

ಪಾದದ ಒಳಮಗ್ಗುಲಲ್ಲಿ, ಹೆಬ್ಬೆರಳು ಪಾದಕ್ಕೆ ಕೂಡುವ ಕಡೆ, ಮೂಳೆ ಉಬ್ಬಿ ನಿಂತಂತೆ ಕಾಣುವ ಗಂಟಿಗೆ ವೈದ್ಯರು ಹ್ಯಾಲಕ್ಸ್ ವ್ಯಾಲ್ಗಸ್ ಎನ್ನುತ್ತಾರೆ. ಬಳಕೆಯ ಇಂಗ್ಲಿಷಿನಲ್ಲಿ ಇದು ಬನಿಯನ್. ಕೊಡಗಿನಂತಹ ಏರುತಗ್ಗಿನ ಜಿಲ್ಲೆಯಲ್ಲಿ, ವರ್ಷದ ನಾಲ್ಕು ತಿಂಗಳು ಗಮ್ ಬೂಟಿನಲ್ಲೇ ಕಳೆಯುವ ಪಾದಕ್ಕೆ ಈ ಗಂಟು ಕೊಡುವ ಕಾಟ ಸಮತಟ್ಟಾದ ಊರಿನವರಿಗಿಂತ ಬೇರೆ ಬಗೆಯದು. ಚಿಕಿತ್ಸೆಯ ಆಯ್ಕೆಗಳನ್ನು ತೂಗುವಾಗ ಗಂಟು ಎಷ್ಟು ದೊಡ್ಡದು ಎಂಬುದಕ್ಕೆ ಎಲ್ಲರೂ ಮೊದಲ ಸ್ಥಾನ ಕೊಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ನೋವು ಎಷ್ಟಿದೆ, ಮೂಳೆಗಳ ನಡುವಿನ ಕೋನ ಎಷ್ಟು, ಶಸ್ತ್ರಚಿಕಿತ್ಸೆಯ ಬಳಿಕ ಆ ಪಾದವನ್ನು ಆರೇಳು ವಾರ ನೆಲದ ಕೆಲಸದಿಂದ ದೂರವಿಡಲು ನಿಮ್ಮ ಮನೆ ಮತ್ತು ತೋಟ ಒಪ್ಪುತ್ತವೆಯೇ ಎಂಬ ಮೂರು ಪ್ರಶ್ನೆಗಳೇ ನಿರ್ಧಾರವನ್ನು ರೂಪಿಸಬೇಕು.

ಗಂಟು ಎಲ್ಲಿಂದ ಬರುತ್ತದೆ

ಗಂಟು ಎಂದರೆ ಹೊಸದಾಗಿ ಬೆಳೆದ ಮೂಳೆ ಎಂಬ ನಂಬಿಕೆ ಬಹುಮಟ್ಟಿಗೆ ತಪ್ಪು. ಹೆಬ್ಬೆರಳಿನ ಹಿಂದೆ, ಪಾದದ ನಡುಭಾಗದಲ್ಲಿ ಮೆಟಾಟಾರ್ಸಲ್ ಎಂಬ ಉದ್ದ ಮೂಳೆಯಿದೆ. ಈ ಮೂಳೆ ನಿಧಾನವಾಗಿ ಇನ್ನೊಂದು ಪಾದದ ಕಡೆಗೆ ವಾಲುತ್ತದೆ. ಅದರ ತುದಿಯಲ್ಲಿರುವ ಹೆಬ್ಬೆರಳು ಅದಕ್ಕೆ ವಿರುದ್ಧವಾಗಿ ಪಕ್ಕದ ಬೆರಳುಗಳ ಕಡೆಗೆ ತಿರುಗುತ್ತದೆ. ಇವೆರಡರ ನಡುವಿನ ಕೀಲು ಹೊರಚಾಚಿ ನಿಲ್ಲುವುದರಿಂದ ಮೂಳೆಯ ತಲೆಯೇ ಗಂಟಾಗಿ ಕಾಣುತ್ತದೆ. ಅದರ ಮೇಲೆ ಬೂಟು ಉಜ್ಜಿದಾಗ ಚರ್ಮದಡಿಯ ನೀರಿನ ಚೀಲ ಉರಿಗೊಂಡು ಕೆಂಪಾಗಿ ಊದಿಕೊಳ್ಳುತ್ತದೆ. ಒಮ್ಮೆ ಬೆರಳು ವಾಲಿತೆಂದರೆ ಅದನ್ನು ಎಳೆಯುವ ಸ್ನಾಯುರಜ್ಜುಗಳ ದಿಕ್ಕೂ ಬದಲಾಗಿ, ಅವೇ ಬೆರಳನ್ನು ಮತ್ತಷ್ಟು ಓರೆಗೆ ಎಳೆಯತೊಡಗುತ್ತವೆ. ಆದ್ದರಿಂದಲೇ ವಾಲಿದ ಬೆರಳು ತಾನಾಗಿ ನೆಟ್ಟಗಾಗುವುದಿಲ್ಲ.

ವಂಶಪಾರಂಪರ್ಯ ಇದಕ್ಕೆ ದೊಡ್ಡ ಕಾರಣ. ತಾಯಿಗೋ ಅಜ್ಜಿಗೋ ಇದ್ದ ಗಂಟು ಮಗಳಿಗೂ ಬರುವುದು ಸಾಮಾನ್ಯ. ಚಪ್ಪಟೆ ಪಾದ, ಸಡಿಲ ಕೀಲುಗಳು, ರುಮಟಾಯ್ಡ್ ಸಂಧಿವಾತ ಇತರ ಕಾರಣಗಳು. ಪಾದರಕ್ಷೆಯ ಪಾತ್ರವನ್ನು ಕುರಿತು 1958ರಲ್ಲಿ ಹಾಂಗ್‌ಕಾಂಗ್‌ನಿಂದ ಪ್ರಕಟವಾದ ಅಧ್ಯಯನವೊಂದು ಇಂದಿಗೂ ಉಲ್ಲೇಖಗೊಳ್ಳುತ್ತದೆ: ಬೂಟು ಧರಿಸುವವರಲ್ಲಿ ಸುಮಾರು ಶೇಕಡಾ 33ರಷ್ಟು ಮಂದಿಗೆ ಈ ಓರೆ ಇದ್ದರೆ, ಬರಿಗಾಲಿನವರಲ್ಲಿ ಅದು ಶೇಕಡಾ 2ರ ಆಸುಪಾಸಿನಲ್ಲಿತ್ತು. ಅಂದರೆ ಬೂಟಿಲ್ಲದ ಪಾದಕ್ಕೂ ಇದು ಬರಬಲ್ಲದು, ಆದರೆ ಮುಂಭಾಗ ಕಿರಿದಾದ ಬೂಟು ಇದನ್ನು ಬಹಳ ಬೇಗ ಮುಂದಕ್ಕೆ ತಳ್ಳುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಹೊರಬಂದ ಪರಿಶೀಲನೆಯೊಂದು 18ರಿಂದ 65ರ ವಯಸ್ಸಿನವರಲ್ಲಿ ಸುಮಾರು ಶೇಕಡಾ 23ರಷ್ಟು, 65 ದಾಟಿದವರಲ್ಲಿ ಶೇಕಡಾ 35ಕ್ಕಿಂತ ಹೆಚ್ಚು ಮಂದಿಗೆ ಇದು ಇರುತ್ತದೆಂದೂ ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚೆಂದೂ ಅಂದಾಜಿಸಿತ್ತು. ಇವರಲ್ಲಿ ಎಲ್ಲರಿಗೂ ನೋವಿರುವುದಿಲ್ಲ ಎಂಬುದನ್ನು ಮರೆಯಬಾರದು.

ಆಯ್ಕೆಗೆ ಮುನ್ನ ಒಂದು ಎಚ್ಚರಿಕೆ. ರಾತ್ರಿ ಮಲಗಿದ್ದಾಗ ಹಠಾತ್ತನೆ ಶುರುವಾಗಿ, ಹೊದಿಕೆ ತಾಕಿದರೂ ಸಹಿಸಲಾಗದಂತಹ ನೋವು ಹೆಬ್ಬೆರಳ ಬುಡದಲ್ಲಿ ಬಂದರೆ ಅದು ಗೌಟ್, ಅಂದರೆ ಯೂರಿಕ್ ಆಮ್ಲದ ಹರಳುಗಳಿಂದ ಬರುವ ಕೀಲುನೋವು ಇರಬಹುದು. ಅದಕ್ಕೆ ಬೇರೆ ಚಿಕಿತ್ಸೆಯಿದೆ. ಬೆರಳು ನೆಟ್ಟಗೇ ಇದ್ದು, ಮೇಲಕ್ಕೆ ಮಡಚುವಾಗ ಮಾತ್ರ ನೋಯುತ್ತಿದ್ದರೆ ಅದು ಕೀಲಿನ ಸವೆತ. ಗಂಟೊಂದು ಕಂಡ ಮಾತ್ರಕ್ಕೆ ನೋವೆಲ್ಲ ಅದರದ್ದೇ ಎಂದು ತೀರ್ಮಾನಿಸಬಾರದು.

ನಿಂತು ತೆಗೆಸಿದ ಎಕ್ಸ್‌ರೇ

ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಪಾದದ ಮೇಲೆ ಭಾರವಿರುವುದಿಲ್ಲ. ಆಗ ಓರೆ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಆದ್ದರಿಂದ ಮಡಿಕೇರಿಯಲ್ಲಾಗಲಿ ವಿರಾಜಪೇಟೆಯಲ್ಲಾಗಲಿ ಎಕ್ಸ್‌ರೇ ತೆಗೆಸುವಾಗ, ಪಾದದ ಮೇಲೆ ಪೂರ್ತಿ ಭಾರ ಬಿಟ್ಟು ನಿಂತೇ ತೆಗೆಯಬೇಕೆಂದು ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳಿತು. ಇಲ್ಲವಾದರೆ ಮೈಸೂರಿಗೆ ಹೋದಾಗ ಅದನ್ನೇ ಮತ್ತೊಮ್ಮೆ ತೆಗೆಸಬೇಕಾಗುತ್ತದೆ.

ಈ ಎಕ್ಸ್‌ರೇಯಲ್ಲಿ ಎರಡು ಕೋನಗಳನ್ನು ಅಳೆಯುತ್ತಾರೆ. ಹೆಬ್ಬೆರಳು ಉದ್ದ ಮೂಳೆಯಿಂದ ಎಷ್ಟು ಓರೆಯಾಗಿದೆ ಎಂಬುದು ಮೊದಲನೆಯದು. ಇದು 15 ಡಿಗ್ರಿಯೊಳಗಿದ್ದರೆ ಸಹಜ. ಮೊದಲ ಮತ್ತು ಎರಡನೆಯ ಉದ್ದ ಮೂಳೆಗಳು ಪರಸ್ಪರ ಎಷ್ಟು ದೂರ ಸರಿದಿವೆ ಎಂಬುದು ಎರಡನೆಯದು. ಇದು 9 ಡಿಗ್ರಿಯೊಳಗಿದ್ದರೆ ಸಹಜ. ಬೆರಳಿನ ಕೋನ 30 ಡಿಗ್ರಿಯೊಳಗಿದ್ದು ಮೂಳೆಗಳ ನಡುವಿನ ಕೋನ 13ರೊಳಗಿದ್ದರೆ ಸೌಮ್ಯ, ಬೆರಳಿನ ಕೋನ 40ರವರೆಗಿದ್ದು ಮೂಳೆಗಳ ಕೋನ 20ರವರೆಗಿದ್ದರೆ ಮಧ್ಯಮ, ಅದನ್ನೂ ದಾಟಿದರೆ ತೀವ್ರ ಎಂಬ ವಿಂಗಡಣೆ ಸಾಮಾನ್ಯವಾಗಿ ಬಳಕೆಯಲ್ಲಿದೆ. ಬೇರೆ ಬೇರೆ ವೈದ್ಯರು ಗೆರೆಯನ್ನು ಒಂದೆರಡು ಡಿಗ್ರಿ ಆಚೀಚೆ ಎಳೆಯುತ್ತಾರೆ. ಯಾವ ಶಸ್ತ್ರಚಿಕಿತ್ಸೆ ಸೂಕ್ತ ಎಂಬುದನ್ನು ಮುಖ್ಯವಾಗಿ ಹೇಳುವುದು ಎರಡನೆಯ ಕೋನ. ಶಸ್ತ್ರಚಿಕಿತ್ಸೆ ಬೇಕೇ ಎಂಬುದನ್ನು ಮಾತ್ರ ಯಾವ ಕೋನವೂ ಹೇಳುವುದಿಲ್ಲ. 42 ಡಿಗ್ರಿ ಓರೆಯಿದ್ದೂ ನೋವಿಲ್ಲದೆ ತೋಟ ಸುತ್ತುವವರನ್ನು ಮೇಜಿನ ಮೇಲೆ ಮಲಗಿಸಲು ಕಾರಣವಿಲ್ಲ.

ಕತ್ತರಿ ತಾಗಿಸದ ದಾರಿಗಳು

ಅಗಲ ಬೂಟು, ಬೆರಳ ಸಂದಿಗೆ ಇಡುವ ಸಿಲಿಕಾನ್ ಬಿಲ್ಲೆ, ಗಂಟಿನ ಮೇಲಿಡುವ ಮೆತ್ತೆ, ರಾತ್ರಿ ಕಟ್ಟಿಕೊಳ್ಳುವ ಪಟ್ಟಿ, ಬೂಟಿನೊಳಗೆ ಇಡುವ ಅಟ್ಟೆ, ನೋವಿನ ಮುಲಾಮು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಯಾವುದೂ ದೊಡ್ಡವರ ಪಾದದ ಮೂಳೆಯನ್ನು ನೆಟ್ಟಗೆ ಮಾಡುವುದಿಲ್ಲ. ರಾತ್ರಿಪಟ್ಟಿಯ ಜಾಹೀರಾತುಗಳಲ್ಲಿ ಮೊದಲು ಮತ್ತು ನಂತರ ಎಂದು ತೋರಿಸುವ ಚಿತ್ರಗಳನ್ನು ನಂಬಿ ಹಣ ಕಳೆಯುವವರು ಇದ್ದಾರೆ. ಪಟ್ಟಿ ಕಟ್ಟಿದಷ್ಟು ಹೊತ್ತು ಬೆರಳು ನೇರವಾಗಿರುತ್ತದೆ, ಬಿಚ್ಚಿದ ಮೇಲೆ ಮೊದಲಿನ ಜಾಗಕ್ಕೇ ಬರುತ್ತದೆ. ಸಿಲಿಕಾನ್ ಬಿಲ್ಲೆ ಬೆರಳುಗಳ ಉಜ್ಜಾಟವನ್ನೂ ಸಂದಿಯ ಆಣಿಯನ್ನೂ ಕಡಿಮೆ ಮಾಡುತ್ತದೆ, ಆದರೆ ಬೂಟು ಅಗಲವಾಗಿಲ್ಲದಿದ್ದರೆ ಇರುವ ಇಕ್ಕಟ್ಟಿಗೆ ಇನ್ನೊಂದು ವಸ್ತುವನ್ನು ತುರುಕಿದಂತಾಗುತ್ತದೆ. ಚಪ್ಪಟೆ ಪಾದದವರಿಗೆ ಅಟ್ಟೆ ಸ್ವಲ್ಪ ಕಾಲ ನಿಜವಾದ ಆರಾಮ ಕೊಡುತ್ತದೆ.

ಈ ಗುಂಪಿನಲ್ಲಿ ಮೊದಲು ಹಣ ಹಾಕಬೇಕಾದದ್ದು ಬೂಟಿಗೆ, ಅದರಲ್ಲೂ ಕೊಡಗಿನಲ್ಲಿ ಗಮ್ ಬೂಟಿಗೆ. ಚರ್ಮದ ಬೂಟು ತೊಟ್ಟಷ್ಟೂ ಹಿಗ್ಗುತ್ತದೆ, ಬೇಕಾದರೆ ಚಪ್ಪಲಿ ಹೊಲಿಯುವವರಿಂದ ಗಂಟಿನ ಜಾಗದಲ್ಲಿ ಅಚ್ಚಿಟ್ಟು ಹಿಗ್ಗಿಸಿಕೊಳ್ಳಬಹುದು; ಪಿವಿಸಿ ಗಮ್ ಬೂಟು ಹಾಗೆ ಒಗ್ಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಿನಿಂದ ಸಂಜೆಯವರೆಗೆ ಅದರಲ್ಲಿರುವ ಪಾದ, ತೋಟದ ಇಳಿಜಾರಿನಲ್ಲಿ ಇಳಿಯುವಾಗ ಪ್ರತಿ ಹೆಜ್ಜೆಗೂ ಮುಂದಕ್ಕೆ ಜಾರಿ ಬೂಟಿನ ಮೂತಿಗೆ ಒತ್ತಿಕೊಳ್ಳುತ್ತದೆ. ಅನೇಕರು ಇದಕ್ಕೆ ಪರಿಹಾರವೆಂದು ಒಂದೆರಡು ನಂಬರು ದೊಡ್ಡ ಬೂಟು ಕೊಂಡು ದಪ್ಪ ಕಾಲುಚೀಲ ತೊಡುತ್ತಾರೆ. ಉದ್ದ ಹೆಚ್ಚಿದರೆ ಅಗಲ ಅಷ್ಟೇನೂ ಹೆಚ್ಚುವುದಿಲ್ಲ, ಹಿಮ್ಮಡಿ ಮಾತ್ರ ಎದ್ದೇಳುತ್ತದೆ. ಕೆಸರಿನ ಇಳಿಜಾರಿನಲ್ಲಿ ಹಿಮ್ಮಡಿ ಎದ್ದರೆ ಬೀಳುವುದು ಖಚಿತ.

ಸರಿಯಾದ ಅಳತೆಯ ಕ್ರಮ ಸರಳ. ದಿನದ ಕೆಲಸ ಮುಗಿದು ಪಾದ ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ, ಮಳೆಗಾಲದಲ್ಲಿ ತೊಡುವ ಕಾಲುಚೀಲವನ್ನೇ ಹಾಕಿಕೊಂಡು, ಹಳೆಯ ಪತ್ರಿಕೆಯ ಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲಬೇಕು. ಬೇರೆಯವರು ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಬೇಕು. ನಾವೇ ಬಗ್ಗಿ ಎಳೆದರೆ ಭಾರ ಹಿಮ್ಮಡಿಗೆ ಹೋಗಿ ಪಾದ ಕಿರಿದಾಗಿ ಬೀಳುತ್ತದೆ. ಆ ಆಕಾರವನ್ನು ಕತ್ತರಿಸಿ ಅಂಗಡಿಗೆ ಒಯ್ದು, ಬೂಟಿನೊಳಗಿನ ಅಟ್ಟೆಯನ್ನು ಹೊರತೆಗೆದು ಅದರ ಮೇಲಿಡಿ. ಗಂಟಿನ ಕಡೆ ಕಾಗದ ಅಟ್ಟೆಯಂಚನ್ನು ದಾಟಿ ಹೊರಬಂದರೆ ಅಂಗಡಿಯವರು ಏನೇ ಹೇಳಿದರೂ ಆ ಬೂಟು ನಿಮ್ಮದಲ್ಲ. ಕಾಲುಚೀಲದ ಬೆರಳ ಭಾಗ ಬಿಗಿಯಾಗಿದ್ದರೆ ಅದೂ ಬೆರಳನ್ನು ಒತ್ತುತ್ತದೆ ಎಂಬುದನ್ನು ಜಿಗಣೆಗೆ ಹೆದರಿ ಎರಡೆರಡು ಕಾಲುಚೀಲ ತೊಡುವವರು ಗಮನಿಸಬೇಕು.

ಹಾಕಿ ಆಡುವವರಿಗೂ ಇದೇ ಮಾತು. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ವರ್ಷಕ್ಕೊಮ್ಮೆ ಬೂಟು ಕಟ್ಟುವ ಮಧ್ಯವಯಸ್ಕರು ಹತ್ತು ವರ್ಷದ ಹಿಂದಿನ ಬೂಟಿನಲ್ಲೇ ಕಾಲು ತೂರಿಸುತ್ತಾರೆ. ಪಾದ ವಯಸ್ಸಾದಂತೆ ಅಗಲವಾಗುತ್ತದೆ, ಬೂಟು ಆಗುವುದಿಲ್ಲ. ಕಾಲುಂಗುರ ತೊಟ್ಟ ಹೆಂಗಸರಲ್ಲಿ ಹೆಬ್ಬೆರಳು ಎರಡನೆಯ ಬೆರಳಿನ ಮೇಲೇರತೊಡಗಿದಾಗ ಉಂಗುರ ಎರಡೂ ಬೆರಳಿಗೆ ಕಚ್ಚಿ ಗಾಯ ಮಾಡುವುದುಂಟು; ಅಂಥವರು ಉಂಗುರವನ್ನು ಸಡಿಲ ಮಾಡಿಸಿಕೊಳ್ಳಬೇಕು ಇಲ್ಲವೇ ಬಿಚ್ಚಿಡಬೇಕು.

ಈ ದಾರಿಗಳ ಮಿತಿ ಎಷ್ಟೆಂದು ತಿಳಿಸುವ ಒಳ್ಳೆಯ ಪ್ರಯೋಗವೊಂದು ಫಿನ್ಲೆಂಡ್‌ನಲ್ಲಿ ನಡೆದು 2001ರಲ್ಲಿ ಪ್ರಕಟವಾಯಿತು. ಸೌಮ್ಯ ಅಥವಾ ಮಧ್ಯಮ ಓರೆಯಿಂದ ನೋಯುತ್ತಿದ್ದ 209 ಮಂದಿಯನ್ನು ಶಸ್ತ್ರಚಿಕಿತ್ಸೆ, ಅಟ್ಟೆ, ಸುಮ್ಮನೆ ಕಾಯುವುದು ಎಂಬ ಮೂರು ಗುಂಪುಗಳಾಗಿ ಚೀಟಿ ಎತ್ತಿದಂತೆ ಹಂಚಲಾಗಿತ್ತು. ಅಟ್ಟೆ ಧರಿಸಿದವರಿಗೆ ಆರು ತಿಂಗಳಲ್ಲಿ ಸ್ವಲ್ಪ ಉಪಶಮನ ಕಂಡಿತು. ವರ್ಷ ತುಂಬಿದಾಗ ಶಸ್ತ್ರಚಿಕಿತ್ಸೆಯ ಗುಂಪು ಉಳಿದೆರಡಕ್ಕಿಂತ ಮುಂದಿತ್ತು. ಆದರೂ ಮೊದಲ ಮೂರರಿಂದ ಆರು ತಿಂಗಳು ಬೂಟು ಬದಲಿಸಿ ನೋಡಿ ಎಂಬುದು ನನ್ನ ಸಲಹೆ, ಏಕೆಂದರೆ ಬೂಟು ಸರಿಹೊಂದದಿದ್ದರೆ ಅದನ್ನು ಮೂಲೆಗೆಸೆಯಬಹುದು, ಕತ್ತರಿಸಿದ ಮೂಳೆಯನ್ನು ಮೊದಲಿನಂತೆ ಮಾಡಲಾಗದು.

ಶಸ್ತ್ರಚಿಕಿತ್ಸೆಗಳ ಪೈಕಿ ಯಾವುದು

ಅಗಲ ಬೂಟಿನಲ್ಲೂ ನೋವು ಬಿಡುತ್ತಿಲ್ಲ, ಎರಡನೆಯ ಬೆರಳು ಸೊಟ್ಟಗಾಗಿ ಮೇಲೆದ್ದಿದೆ, ಅಂಗಾಲಿನ ಮುಂಭಾಗದಲ್ಲಿ ಆಣಿ ಕಟ್ಟಿ ಕಲ್ಲು ಮೆಟ್ಟಿದಂತಾಗುತ್ತಿದೆ ಎಂಬ ಸ್ಥಿತಿ ಬಂದರೆ ಶಸ್ತ್ರಚಿಕಿತ್ಸೆಯ ಮಾತು ನ್ಯಾಯವಾದದ್ದು. ಮದುವೆಯ ಚಪ್ಪಲಿಗೆ ಪಾದ ಚೆನ್ನಾಗಿ ಕಾಣಲಿ ಎಂಬ ಕಾರಣ ಸಾಲದು. ನೋವಿಲ್ಲದ ಪಾದಕ್ಕೆ ನೋವನ್ನು ತಂದುಕೊಳ್ಳುವ ಸಾಧ್ಯತೆ ಇದ್ದೇ ಇರುತ್ತದೆ.

ಇದಕ್ಕೆ ನೂರಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆಗಳು ವರ್ಣಿತವಾಗಿವೆ. ಚಾಲ್ತಿಯಲ್ಲಿರುವವು ಕೆಲವೇ, ಅವುಗಳ ಹಿಂದಿನ ತರ್ಕವೂ ಒಂದೇ: ಓರೆ ಎಲ್ಲಿಂದ ಶುರುವಾಗಿದೆಯೋ ಅಲ್ಲಿಗೆ ಹತ್ತಿರ ಹೋಗಿ ಸರಿಪಡಿಸಿದಷ್ಟೂ ದೊಡ್ಡ ಓರೆಯನ್ನು ತಿದ್ದಬಹುದು, ಆದರೆ ಅಷ್ಟೇ ದೀರ್ಘವಾದ ವಿಶ್ರಾಂತಿಯನ್ನು ಕೊಡಬೇಕು.

ಗಂಟನ್ನು ಮಾತ್ರ ಕೆತ್ತಿ ತೆಗೆಯುವುದು ಹಳೆಯ ವಿಧಾನ. ಎರಡು ಮೂರು ವಾರಗಳಲ್ಲಿ ಓಡಾಡಬಹುದು, ಸ್ಕ್ರೂ ಬೇಡ, ಖರ್ಚು ಕಡಿಮೆ ಎಂಬ ಕಾರಣಕ್ಕೆ ಇದು ಆಕರ್ಷಕವಾಗಿ ಕಾಣುತ್ತದೆ. ವಾಲಿದ ಬೇಲಿಕಂಬದ ಒಂದು ಮಗ್ಗುಲನ್ನು ಕೆತ್ತಿದರೆ ಕಂಬ ನೆಟ್ಟಗಾಗುವುದಿಲ್ಲ. ಹಾಗೆಯೇ ಇಲ್ಲಿಯೂ ಓರೆ ಉಳಿಯುತ್ತದೆ, ಗಂಟು ಮರಳುತ್ತದೆ. ಹೆಚ್ಚು ನಡೆದಾಡದ, ಗಂಟಿನ ಮೇಲಿನ ಚರ್ಮ ಒಡೆದು ಗಾಯವಾಗುತ್ತಿರುವ ಹಿರಿಯರಿಗೆ ಬಿಟ್ಟರೆ ಇದನ್ನು ಒಪ್ಪಿಕೊಳ್ಳಬಾರದು.

ಸೌಮ್ಯದಿಂದ ಮಧ್ಯಮದವರೆಗಿನ ಓರೆಗೆ ಶೆವ್ರಾನ್ ಎಂಬ ವಿಧಾನ ಪ್ರಚಲಿತ. ಉದ್ದ ಮೂಳೆಯ ತಲೆಯ ಹತ್ತಿರ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಕೊಯ್ದು, ತಲೆಯನ್ನು ಕಿರುಬೆರಳ ಕಡೆಗೆ ಕೆಲವು ಮಿಲಿಮೀಟರ್ ಸರಿಸಿ, ಒಂದು ಸ್ಕ್ರೂನಿಂದ ಬಿಗಿಯುತ್ತಾರೆ. ಕೊಯ್ತ ತಾನೇ ಗಟ್ಟಿಯಾಗಿ ಕೂಡುವ ಆಕಾರದ್ದಾದ್ದರಿಂದ ಮುಂಭಾಗ ಎತ್ತರಿಸಿದ ಗಟ್ಟಿ ತಳದ ಪಾದರಕ್ಷೆ ಹಾಕಿಕೊಂಡು ಹಿಮ್ಮಡಿಯ ಮೇಲೆ ಬೇಗನೆ ಹೆಜ್ಜೆ ಇಡಬಹುದು. ಮಧ್ಯಮ ಓರೆ ಹೆಚ್ಚೇ ಇದ್ದಾಗ ಸ್ಕಾರ್ಫ್ ಎಂಬ ವಿಧಾನದಲ್ಲಿ ಮೂಳೆಯ ಉದ್ದಕ್ಕೂ ಝಡ್ ಆಕಾರದ ಕೊಯ್ತ ಹಾಕಿ ಎರಡು ಸ್ಕ್ರೂಗಳಿಂದ ಕೂಡಿಸುತ್ತಾರೆ. ಹೆಚ್ಚು ಸರಿಸಬಹುದು, ಆದರೆ ಕೈ ಪಳಗಿದವರೇ ಬೇಕು. ಇವೆರಡರ ಜೊತೆಗೂ ಹೆಬ್ಬೆರಳಿನ ಮೂಳೆಯಿಂದ ಸಣ್ಣ ಬೆಣೆಯಾಕಾರದ ತುಂಡು ತೆಗೆದು ಬೆರಳನ್ನೇ ನೇರ ಮಾಡುವ ಏಕಿನ್ ಎಂಬ ಕೊಯ್ತವನ್ನು ಆಗಾಗ ಸೇರಿಸುತ್ತಾರೆ.

ತೀವ್ರ ಓರೆಗೆ, ಅಥವಾ ಮೂಳೆಯ ಬುಡದ ಕೀಲು ಸಡಿಲವಿದ್ದವರಿಗೆ ಲ್ಯಾಪಿಡಸ್ ಸೂಕ್ತ. 1934ರಲ್ಲಿ ಇದನ್ನು ಪ್ರಚುರಪಡಿಸಿದ ಪಾಲ್ ಲ್ಯಾಪಿಡಸ್ ಅವರ ಹೆಸರೇ ಇದಕ್ಕೆ ಉಳಿದಿದೆ. ಉದ್ದ ಮೂಳೆಯ ಬುಡವನ್ನು ಅದರ ಹಿಂದಿನ ಮೂಳೆಗೆ ಪ್ಲೇಟು, ಸ್ಕ್ರೂಗಳಿಂದ ಶಾಶ್ವತವಾಗಿ ಬೆಸೆಯುವುದು ಇದರ ತಿರುಳು. ಆ ಕೀಲು ಸಹಜವಾಗಿಯೇ ಅಲ್ಪ ಚಲನೆಯದಾದ್ದರಿಂದ ಬೆಸೆದದ್ದು ನಡಿಗೆಯಲ್ಲಿ ಗೊತ್ತಾಗುವುದಿಲ್ಲ. ಓರೆಯ ಮೂಲಕ್ಕೇ ಕೈ ಹಾಕುವುದರಿಂದ ದೊಡ್ಡ ಕೋನವನ್ನೂ ಮೂಳೆಯ ತಿರುಚುವಿಕೆಯನ್ನೂ ಸರಿಪಡಿಸಬಹುದು. ಬೆಲೆ ಏನೆಂದರೆ, ಸಾಂಪ್ರದಾಯಿಕವಾಗಿ ಆರು ವಾರ ಆ ಪಾದವನ್ನು ನೆಲಕ್ಕೂರುವಂತಿಲ್ಲ. ಹೊಸ ಪ್ಲೇಟುಗಳಿಂದ ಕೆಲವರು ಬೇಗನೆ ಭಾರ ಬಿಡಲು ಅನುಮತಿಸುತ್ತಾರೆ, ಆದರೆ ಮೂಳೆ ಬೆಸೆಯದೆ ಉಳಿಯುವ ಅಪಾಯ ಇದರಲ್ಲಿ ಉಳಿದವುಗಳಿಗಿಂತ ಹೆಚ್ಚು. ಬೀಡಿ ಸಿಗರೇಟು ಸೇದುವವರಲ್ಲಿ, ಹೊಗೆಸೊಪ್ಪು ಜಗಿಯುವವರಲ್ಲಿ ಆ ಅಪಾಯ ಮತ್ತಷ್ಟು. ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು ಲೆಕ್ಕಕ್ಕಿಲ್ಲವೆಂದು ವೈದ್ಯರ ಮುಂದೆ ಮುಚ್ಚಿಡಬಾರದು.

ಹೆಬ್ಬೆರಳ ಬುಡದ ಕೀಲೇ ಸವೆದುಹೋಗಿದ್ದರೆ ಅದನ್ನೇ ಬೆಸೆಯುವುದು ಇನ್ನೊಂದು ದಾರಿ. ನೋವು ಚೆನ್ನಾಗಿ ಹೋಗುತ್ತದೆ, ಗಂಟು ಮರಳುವುದು ಅಪರೂಪ. ಆದರೆ ಬೆರಳು ಇನ್ನು ಮಡಚುವುದಿಲ್ಲ. ಕುಕ್ಕರಗಾಲಿನಲ್ಲಿ ಕೂತು ಗದ್ದೆಯಲ್ಲಿ ಕಳೆ ಕೀಳುವವರು, ಏರು ಹತ್ತುವಾಗ ಬೆರಳ ಮೇಲೆ ಒತ್ತಿ ನಡೆಯುವವರು ಒಪ್ಪಿಗೆಗೆ ಸಹಿ ಹಾಕುವ ಮುನ್ನ ಬೆರಳಿಗೆ ಬಿಗಿಯಾಗಿ ಟೇಪು ಸುತ್ತಿ ಒಂದು ದಿನ ಓಡಾಡಿ ನೋಡುವುದು ಮೇಲು. ಕೀಲಿನ ಒಂದು ಭಾಗವನ್ನೇ ಕತ್ತರಿಸಿ ತೆಗೆಯುವ ಕೆಲ್ಲರ್ ವಿಧಾನದಲ್ಲಿ ಬೆರಳು ಗಿಡ್ಡವಾಗಿ ಬಲಗುಂದುತ್ತದೆ. ಈಗ ಅದು ಮನೆಯೊಳಗಷ್ಟೇ ನಡೆದಾಡುವ ವಯೋವೃದ್ಧರಿಗೆ ಸೀಮಿತ.

ಸಣ್ಣ ರಂಧ್ರ, ದೊಡ್ಡ ಭರವಸೆ

ದೊಡ್ಡ ಗಾಯ ಮಾಡದೆ, ಕೆಲವೇ ಮಿಲಿಮೀಟರಿನ ರಂಧ್ರಗಳಿಂದ ತಿರುಗುವ ಸಣ್ಣ ಉಪಕರಣ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತ ಮೂಳೆ ಕೊಯ್ಯುವ ಕೀಹೋಲ್ ವಿಧಾನ ಈಗ ನಗರಗಳಲ್ಲಿ ಪ್ರಚಾರದಲ್ಲಿದೆ. ಇದರಲ್ಲೂ ಒಳಗಾಗುವುದು ಶೆವ್ರಾನ್ ಮತ್ತು ಏಕಿನ್‌ನಂಥದ್ದೇ ಕೊಯ್ತ, ಸ್ಕ್ರೂಗಳೂ ಬೇಕು. ಮೊದಲ ವಾರಗಳ ನೋವು ಕಡಿಮೆ, ಕಲೆ ಚಿಕ್ಕದು. ವರ್ಷದ ಕೊನೆಗೆ ನೋಡಿದರೆ ಕೋನದ ತಿದ್ದುಪಡಿಯಲ್ಲೂ ರೋಗಿಯ ತೃಪ್ತಿಯಲ್ಲೂ ತೆರೆದ ವಿಧಾನಕ್ಕೂ ಇದಕ್ಕೂ ಹೇಳಿಕೊಳ್ಳುವಂತಹ ಅಂತರ ಇಲ್ಲ. ಇದಕ್ಕಿಂತ ಮುಖ್ಯವಾದುದು: ಚರ್ಮದ ರಂಧ್ರ ಚಿಕ್ಕದಾದ ಮಾತ್ರಕ್ಕೆ ಮೂಳೆ ಬೇಗ ಕೂಡುವುದಿಲ್ಲ. ಅದಕ್ಕೆ ಬೇಕಾದ ಆರರಿಂದ ಎಂಟು ವಾರ ಬೇಕೇ ಬೇಕು. ಈ ವಿಧಾನ ಕೈಗೆ ಹತ್ತಲು ವೈದ್ಯರಿಗೂ ಬಹಳ ಅಭ್ಯಾಸ ಬೇಕಾಗುತ್ತದೆ. ತೆರೆದ ಶೆವ್ರಾನ್‌ನಲ್ಲಿ ನುರಿತವರು ನಿಮಗೆ ಸಿಕ್ಕಿದ್ದರೆ ಹೊಸದಾಗಿ ಕೀಹೋಲ್ ಶುರುಮಾಡಿದವರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಲೇಸರಿನಿಂದ ಗಂಟು ಮಾಯ ಎನ್ನುವ ಜಾಹೀರಾತುಗಳನ್ನು ಓದದೆಯೇ ಮಡಚಿಡಬಹುದು, ಮೂಳೆಯ ಓರೆಯನ್ನು ಲೇಸರ್ ಸರಿಪಡಿಸಲಾರದು.

ಎಲ್ಲಕ್ಕೂ ಸಮಾನವಾದ ಅಪಾಯಗಳಿವೆ: ಗಾಯಕ್ಕೆ ಸೋಂಕು, ಬೆರಳ ಪಕ್ಕ ಜೋಮು, ಕೀಲಿನ ಬಿಗಿತ, ಓರೆ ಮರಳುವುದು, ಅತಿಯಾಗಿ ತಿದ್ದಿ ಬೆರಳು ಎದುರು ದಿಕ್ಕಿಗೆ ವಾಲುವುದು, ಭಾರ ಎರಡನೆಯ ಬೆರಳ ಬುಡಕ್ಕೆ ವರ್ಗವಾಗಿ ಅಲ್ಲಿ ಹೊಸ ನೋವು ಹುಟ್ಟುವುದು, ಅಪರೂಪಕ್ಕೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಬೇರೆ ಬೇರೆ ಅಧ್ಯಯನಗಳನ್ನು ಕೂಡಿಸಿ ನೋಡಿದರೆ ಸುಮಾರು ಹತ್ತರಲ್ಲಿ ಒಬ್ಬರು ಫಲಿತಾಂಶದ ಬಗ್ಗೆ ಅತೃಪ್ತರಾಗಿರುತ್ತಾರೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಪಾದದ ನಾಡಿ ಸರಿಯಾಗಿ ಸಿಗದವರು ಮೊದಲು ಅದನ್ನು ನೋಡಿಕೊಳ್ಳಬೇಕು. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಓರೆ ಮರಳುವ ಸಾಧ್ಯತೆ ಹೆಚ್ಚಾದ್ದರಿಂದ ಮೂಳೆಯ ಬೆಳವಣಿಗೆ ಮುಗಿಯುವವರೆಗೆ ಸಾಧ್ಯವಾದಷ್ಟು ಕಾಯುತ್ತಾರೆ.

ಯಾವ ತಿಂಗಳು

ಸ್ಥೂಲವಾಗಿ ಲೆಕ್ಕ ಹೀಗಿದೆ. ಹಲವು ಕಡೆ ಅದೇ ದಿನ ಅಥವಾ ಮರುದಿನ ಮನೆಗೆ ಕಳುಹಿಸುತ್ತಾರೆ. ಮೊದಲ ಎರಡು ವಾರ ಪಾದವನ್ನು ಎದೆಮಟ್ಟಕ್ಕಿಂತ ಎತ್ತರದಲ್ಲಿಟ್ಟು ಮಲಗುವುದೇ ಕೆಲಸ. ಎರಡು ವಾರದ ಹೊತ್ತಿಗೆ ಹೊಲಿಗೆ ಬಿಚ್ಚುತ್ತಾರೆ, ಅಲ್ಲಿಯವರೆಗೆ ಪಟ್ಟಿ ಒದ್ದೆಯಾಗಕೂಡದು. ಆರನೆಯ ವಾರದ ಸುಮಾರಿಗೆ ಎಕ್ಸ್‌ರೇ ನೋಡಿ ಅಗಲವಾದ ಸಾಮಾನ್ಯ ಬೂಟಿಗೆ ಬರುತ್ತಾರೆ. ಬಲಗಾಲಾದರೆ ಜೀಪು, ಪಿಕಪ್ ಓಡಿಸಲು ಆರರಿಂದ ಎಂಟು ವಾರ ಬೇಕು. ಎಡಗಾಲಾದರೆ ಬೈಕಿನ ಗೇರು ಎತ್ತುವುದು ಹೆಬ್ಬೆರಳ ಮೇಲ್ಭಾಗದಿಂದಲೇ ಎಂಬುದು ನೆನಪಿರಲಿ. ಇಳಿಜಾರಿನ ದಿನವಿಡೀ ಕೆಲಸಕ್ಕೆ ಮೂರು ತಿಂಗಳು ಎಂದಿಟ್ಟುಕೊಳ್ಳಬೇಕು. ಊತ ಪೂರ್ತಿ ಇಳಿಯಲು ಆರು ತಿಂಗಳು, ಕೆಲವರಿಗೆ ವರ್ಷ.

ಇದನ್ನು ಕೊಡಗಿನ ವರ್ಷದ ಮೇಲೆ ಇಟ್ಟು ನೋಡಿದರೆ ಸುಲಭದ ತಿಂಗಳು ಯಾವುದೂ ಇಲ್ಲ. ಹುತ್ತರಿಯ ಆಸುಪಾಸಿನಲ್ಲಿ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ರೊಬಸ್ಟಾ, ಆಮೇಲೆ ಕರಿಮೆಣಸು, ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಕೆಲಸ. ಬೇಸಿಗೆ ರಜೆಯಲ್ಲಿ ಮಾಡಿಸಿಕೊಳ್ಳೋಣ ಎಂದು ಏಪ್ರಿಲ್ ಕೊನೆಗೆ ಹೋದವರು ಆರು ವಾರ ಮುಗಿಸುವಷ್ಟರಲ್ಲಿ ಜೂನ್ ಮಳೆ ಹಿಡಿದಿರುತ್ತದೆ. ಇನ್ನೂ ಊದಿರುವ ಪಾದವನ್ನು ಗಮ್ ಬೂಟಿಗೆ ತುರುಕುವಂತಿಲ್ಲ, ಮಾಗದ ಗಾಯವನ್ನು ಜಿಗಣೆಯ ಹುಲ್ಲಿಗೆ ಒಯ್ಯುವಂತಿಲ್ಲ. ಸ್ವಂತ ತೋಟದ ಕೆಲಸ ತಾವೇ ಮಾಡುವವರಿಗೆ ರೊಬಸ್ಟಾ ಕುಯ್ಲು ಮುಗಿದ ಕೂಡಲೇ, ಅಂದರೆ ಮಾರ್ಚ್ ಮೊದಲ ಭಾಗದಲ್ಲಿ ಹೋಗುವುದು ಲೇಸೆಂದು ನನಗನ್ನಿಸುತ್ತದೆ. ಮೆಣಸಿನ ಕೆಲಸವನ್ನು ಬೇರೆಯವರಿಗೆ ವಹಿಸಬೇಕಾಗುತ್ತದೆ, ಆದರೆ ಒಣ ನೆಲ ಸಿಗುತ್ತದೆ. ಎರಡನೆಯ ಆಯ್ಕೆ ಆಗಸ್ಟ್. ಮಳೆಯಲ್ಲಿ ಹೇಗೂ ಮನೆಯೊಳಗಿರುವವರಿಗೆ, ಮಾಡಿಕೊಡುವ ಕೈಗಳಿದ್ದವರಿಗೆ ಅದು ಒಪ್ಪುತ್ತದೆ. ನವೆಂಬರ್ ಹೊತ್ತಿಗೆ ಪಾದ ಕುಯ್ಲಿಗೆ ಬಂದಿರುತ್ತದೆ. ದಿನಗೂಲಿಯವರಿಗೆ ಮಾತ್ರ ಈ ಲೆಕ್ಕವೇ ಬೇರೆ: ಮೂರು ತಿಂಗಳ ಕೂಲಿ ಶಸ್ತ್ರಚಿಕಿತ್ಸೆಯ ಬಿಲ್ಲಿಗಿಂತ ಭಾರವಾಗಬಹುದು, ಆದ್ದರಿಂದ ಲ್ಯಾಪಿಡಸ್‌ಗೆ ಬದಲಾಗಿ ಬೇಗ ಹೆಜ್ಜೆ ಇಡಬಹುದಾದ ವಿಧಾನ ತಮ್ಮ ಕೋನಕ್ಕೆ ಸಾಕಾದೀತೇ ಎಂದು ಅವರು ನೇರವಾಗಿ ಕೇಳಬೇಕು.

ಮನೆಯನ್ನೂ ಮೊದಲೇ ನೋಡಿಕೊಳ್ಳಬೇಕು. ಹಳೆಯ ಮನೆಗಳಲ್ಲಿ ಬಚ್ಚಲು ಅಂಗಳದಾಚೆ, ಮೆಟ್ಟಿಲಿಳಿದು ಹೋಗುವಂತಿರುತ್ತದೆ. ಕುಕ್ಕರಗಾಲಿನ ಶೌಚಾಲಯದಲ್ಲಿ ಭಾರವೆಲ್ಲ ಪಾದದ ಮುಂಭಾಗಕ್ಕೆ, ಹೊಸದಾಗಿ ಕೊಯ್ದ ಮೂಳೆಯ ಮೇಲೆಯೇ ಬೀಳುತ್ತದೆ. ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿಯನ್ನು ತರಿಸಿಟ್ಟ ಮೇಲೆಯೇ ದಿನಾಂಕ ಗೊತ್ತು ಮಾಡುವುದು ಜಾಣತನ.

ಊರಲ್ಲೋ, ಘಟ್ಟದಾಚೆಯೋ

ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಮೊದಲ ಪರೀಕ್ಷೆ ಮಾಡಿಸಿಕೊಂಡು ಮುಂದಿನದನ್ನು ತೀರ್ಮಾನಿಸುವುದು ಒಳ್ಳೆಯ ಕ್ರಮ. ದೊಡ್ಡ ಊರಿನ ಆಸ್ಪತ್ರೆಯನ್ನೇ ಆರಿಸಿಕೊಂಡರೆ ಪ್ರಯಾಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಕೊಡಗಿಗೆ ರೈಲಿಲ್ಲ, ಮೈಸೂರು ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ಮಂಗಳೂರು ಘಟ್ಟದಾಚೆ. ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಮೂರು ಗಂಟೆ ಕೂತರೆ ಪಟ್ಟಿಯೊಳಗೆ ಪಾದ ಊದಿ ಹೊಲಿಗೆ ಬಿಗಿಯುತ್ತದೆ. ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಬರುವ ಏರ್ಪಾಡು ಬೇಕು, ಅದೂ ಕನಿಷ್ಠ ಮೂರು ಸಲ. ಹೊಲಿಗೆ ಬಿಚ್ಚುವುದನ್ನೂ ಆರನೆಯ ವಾರದ ಎಕ್ಸ್‌ರೇಯನ್ನೂ ಊರಲ್ಲೇ ಮಾಡಿಸಿ ಚಿತ್ರ ಕಳುಹಿಸಿದರೆ ಸಾಕೇ ಎಂದು ಮುಂಚಿತವಾಗಿ ಕೇಳಿ.

ವೈದ್ಯರಲ್ಲಿ ಕೇಳಬೇಕಾದ ಇತರ ಮಾತುಗಳೂ ಹೀಗೇ ನೇರವಾಗಿರಲಿ. ನನ್ನ ಎರಡು ಕೋನಗಳು ಎಷ್ಟು, ಈ ವಿಧಾನವನ್ನೇ ಏಕೆ ಆರಿಸಿದಿರಿ, ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ, ಓರೆ ಮರಳಿದರೆ ಮುಂದೇನು, ಸ್ಕ್ರೂ ತೆಗೆಸಬೇಕಾದೀತೇ. (ತೊಂದರೆ ಕೊಡದ ಸ್ಕ್ರೂಗಳನ್ನು ಸಾಮಾನ್ಯವಾಗಿ ಒಳಗೇ ಬಿಡುತ್ತಾರೆ.) ಖರ್ಚಿನ ಅಂದಾಜನ್ನು ಸ್ಕ್ರೂ, ಪ್ಲೇಟುಗಳ ಬೆಲೆ ಸೇರಿಸಿ ಬರಹದಲ್ಲಿ ಪಡೆಯಬೇಕು, ಸರ್ಕಾರಿ ಯೋಜನೆಯ ಕಾರ್ಡಿದ್ದವರು ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಬೇಕು, ಖಾಸಗಿ ವಿಮೆಯವರು ಇದನ್ನು ಸೌಂದರ್ಯದ ಚಿಕಿತ್ಸೆ ಎಂದು ತಳ್ಳಿಹಾಕದಂತೆ ನೋವು ಮತ್ತು ನಡಿಗೆಯ ತೊಂದರೆ ವೈದ್ಯರ ಚೀಟಿಯಲ್ಲಿ ದಾಖಲಾಗಿರಬೇಕು.

ಎರಡೂ ಪಾದಗಳಲ್ಲಿ ಗಂಟಿದ್ದರೆ ಒಂದೇ ಸಲ ಮುಗಿಸಿಬಿಡೋಣ ಎಂಬ ಆಸೆ ಸಹಜ, ಕೆಲವು ವೈದ್ಯರು ಹಾಗೆ ಮಾಡುವುದೂ ಉಂಟು. ಮೆಟ್ಟಿಲು, ಏರು, ಜಾರುವ ಅಂಗಳ ಇರುವ ಮನೆಗೆ ಮರಳುವವರು ಹಾಗೆ ಮಾಡಿಸಿಕೊಳ್ಳಬಾರದು. ವಾಕರ್ ಹಿಡಿದು ನಿಲ್ಲಲು ಭಾರ ಹೊರುವ ಒಂದು ಪಾದವಾದರೂ ಬೇಕು. ಹೆಚ್ಚು ನೋಯುವ ಪಾದವನ್ನು ಮೊದಲು ಮಾಡಿಸಿ, ಅದು ಒಂದು ಮಳೆಗಾಲವನ್ನು ಗಮ್ ಬೂಟಿನಲ್ಲಿ ದಾಟಿದ ಮೇಲೆ ಇನ್ನೊಂದರ ಮಾತು ತೆಗೆಯಬಹುದು. ಆ ಹೊತ್ತಿಗೆ ಅಗಲ ಬೂಟಿನ ಅಭ್ಯಾಸದಿಂದ ಎರಡನೆಯ ಪಾದದ ನೋವು ಕಡಿಮೆಯಾಗಿದ್ದರೆ ಅದನ್ನು ಹಾಗೆಯೇ ಬಿಡಬಹುದು.